ಅರಿಸ್ಟಾಟಲನನ್ನು ಬಿಡದ ಪಂಡಿತ



ಆಗಸ್ಟ್ 6ರಂದು ಪ್ರಭು ಯೇಸುವಿನ ರೂಪಾಂತರದ ಹಬ್ಬ. ಅದಾದ ಮೂರೇ ದಿನಕ್ಕೆ, 9ರಂದು, ಎಡಿತ್ ಸ್ಟೈನ್ ಎಂದೇ ಹೆಚ್ಚು ಪರಿಚಿತರಾದ ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ ಅವರ ಹಬ್ಬ. ಈ ಸಂತಳ ಬಗ್ಗೆ ಪ್ರಬೋಧನೆ ಸಿದ್ಧಪಡಿಸುವಾಗಲೆಲ್ಲ, ರೂಪಾಂತರ ಹಬ್ಬದ ದಿನವೇ ಗುರುದೀಕ್ಷೆ ಪಡೆದ ಒಬ್ಬ ಪಂಡಿತರು ನಮಗೆ ನೆನಪಾಗುತ್ತಾರೆ. ಅವರು ಸಂತರಲ್ಲ. ಒಂಬತ್ತು ವರ್ಷ ತುಂಬುವ ಮೊದಲೇ ಯಾಜಕತ್ವವನ್ನು ತ್ಯಜಿಸಿದವರು. ಹೆಸರು ಫ್ರಾನ್ಸ್ ಬ್ರೆಂಟಾನೊ.

ಅವರು ಹುಟ್ಟಿದ್ದು 1838ರಲ್ಲಿ, ಜರ್ಮನಿಯ ರೈನ್ ನದಿಯ ದಡದಲ್ಲಿ. ಕವಿ ಕ್ಲೆಮೆನ್ಸ್ ಬ್ರೆಂಟಾನೊ ಅವರ ದೊಡ್ಡಪ್ಪ. ತಂದೆಯೂ ಕಥೋಲಿಕ ಲೇಖಕರು. ಬರ್ಲಿನ್ನಿನಲ್ಲಿ ಟ್ರೆಂಡೆಲೆನ್‌ಬರ್ಗ್ ಎಂಬ ಪ್ರಾಧ್ಯಾಪಕರ ಬಳಿ ಅರಿಸ್ಟಾಟಲನನ್ನು ಗ್ರೀಕ್ ಮೂಲದಲ್ಲಿ ಓದಿದರು. 1862ರಲ್ಲಿ, 24ನೇ ವಯಸ್ಸಿನಲ್ಲಿ, ಅರಿಸ್ಟಾಟಲನ ಪ್ರಕಾರ 'ಇರುವಿಕೆ'ಗೆ ಎಷ್ಟು ಅರ್ಥಗಳು ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಗಳಿಸಿದರು.

ಇದೆಂಥ ವಿಷಯ ಎನ್ನಬೇಡಿ. ದಿನವೂ ನಾವು 'ಇದೆ' ಎನ್ನುತ್ತೇವೆ. ಅಂಗಳದಲ್ಲಿ ಮಾವಿನ ಮರ ಇದೆ. ಮರದಲ್ಲಿ ಹಸಿರು ಬಣ್ಣ ಇದೆ. ಗೊರಟಿನೊಳಗೂ ಮರ ಇದೆ, ಆದರೆ ಇನ್ನೂ ಮೊಳೆಯದೆ ಇದೆ. ಯಾರಾದರೂ ನಿಜ ಹೇಳಿದರೆ 'ಹೌದು, ಹಾಗೇ ಇದೆ' ಎನ್ನುತ್ತೇವೆ. ನಮ್ಮೂರ ಬಡಗಿ ಒಳ್ಳೆಯ ಹಾಡುಗಾರನೂ ಆಗಿದ್ದಾನೆ, ಅದು ಬಡಗಿತನದಿಂದ ಬಂದದ್ದಲ್ಲ, ಆಕಸ್ಮಿಕ. ಮಾತು ಒಂದೇ, ಇರುವ ಬಗೆ ಬೇರೆ ಬೇರೆ. ಇವನ್ನು ಅರಿಸ್ಟಾಟಲ್ ನಾಲ್ಕು ಬಗೆಯಾಗಿ ವಿಂಗಡಿಸಿದ: ಆಕಸ್ಮಿಕವಾದದ್ದು, ಸತ್ಯವೆಂಬ ಅರ್ಥದ್ದು, ಸಾಧ್ಯತೆಯಲ್ಲೋ ಪೂರ್ಣತೆಯಲ್ಲೋ ಇರುವಂಥದ್ದು, ದ್ರವ್ಯ, ಗುಣ, ಪರಿಮಾಣ ಮೊದಲಾದ ವರ್ಗಗಳಾಗಿ ಇರುವಂಥದ್ದು. ಬಣ್ಣ ಮರವನ್ನು ಆಶ್ರಯಿಸಿ ಇದೆ, ಮರ ತಾನಾಗಿ ಇದೆ. ಆದ್ದರಿಂದ ದ್ರವ್ಯವೇ ಮೊದಲು. ಚೆಲ್ಲಾಪಿಲ್ಲಿಯಾಗಿ ಕಾಣುವ ಈ ಅರ್ಥಗಳೆಲ್ಲ ದ್ರವ್ಯವೆಂಬ ಒಂದು ಕೇಂದ್ರದ ಸುತ್ತ ಸೇರುತ್ತವೆ ಎಂಬುದನ್ನು ಬ್ರೆಂಟಾನೊ ಬಿಡಿಸಿ ತೋರಿಸಿದರು. ಗುರುಮಠದ ತತ್ತ್ವಶಾಸ್ತ್ರದ ವರ್ಷಗಳಲ್ಲಿ ನಾವು ಈ ಪಟ್ಟಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಇದರ ಹಿಂದೆ ಒಂದು ಜೀವನವೇ ಇರಬಹುದೆಂದು ಆಗ ಹೊಳೆದಿರಲಿಲ್ಲ.

1864ರ ಆಗಸ್ಟ್ 6ರಂದು ವುರ್ಟ್ಸ್‌ಬರ್ಗ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು. 1866ರಿಂದ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಬೋಧಿಸಿದರು. ಕಾರ್ಲ್ ಸ್ಟುಂಫ್ ಎಂಬ ಶಿಷ್ಯ ಅವರ ಪ್ರಭಾವದಿಂದಲೇ 1869ರಲ್ಲಿ ಗುರುಮಠ ಸೇರಿದ.

ಅದೇ ವರ್ಷ ಬಿರುಗಾಳಿ ಎದ್ದಿತು. ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ ಜಗದ್ಗುರುಗಳು ಅಧಿಕೃತವಾಗಿ ವಿಧಿಸಿ ಬೋಧಿಸುವಾಗ ತಪ್ಪಾಗದು ಎಂಬುದನ್ನು ಮೊದಲನೇ ವ್ಯಾಟಿಕನ್ ಮಹಾಸಭೆ ಘೋಷಿಸಲಿದೆ ಎಂಬ ಸುದ್ದಿ. ಮೈನ್ಸ್‌ನ ಧರ್ಮಾಧ್ಯಕ್ಷ ಕೆಟ್ಟೆಲರ್ ಅವರು ಈ ಬಗ್ಗೆ ಒಂದು ಟಿಪ್ಪಣಿ ಬರೆದುಕೊಡುವಂತೆ ಬ್ರೆಂಟಾನೊ ಅವರನ್ನೇ ಕೇಳಿದರು. ಬ್ರೆಂಟಾನೊ ಅದಕ್ಕೆ ವಿರೋಧವಾಗಿ ಬರೆದರು. 1870ರ ಜುಲೈ 18ರಂದು 533 ಮತಗಳು ಪರವಾಗಿ, ಎರಡೇ ಮತಗಳು ವಿರೋಧವಾಗಿ ಬಿದ್ದು ಘೋಷಣೆಯಾಯಿತು. ಕೆಟ್ಟೆಲರ್ ಮತದಾನಕ್ಕೆ ಮುಂಚೆಯೇ ರೋಮ್ ಬಿಟ್ಟಿದ್ದರು, ಆಮೇಲೆ ವಿಧೇಯರಾಗಿ ಒಪ್ಪಿಕೊಂಡರು. ಟಿಪ್ಪಣಿ ಬರೆದ ಬ್ರೆಂಟಾನೊಗೆ ಒಪ್ಪಲಾಗಲಿಲ್ಲ. ಸ್ಟುಂಫ್ ಅದೇ ಬೇಸಿಗೆಯಲ್ಲಿ ಗುರುಮಠ ಬಿಟ್ಟರು. 1873ರಲ್ಲಿ ಬ್ರೆಂಟಾನೊ ಮೊದಲು ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ಕೊಟ್ಟರು, ಬಳಿಕ ಯಾಜಕತ್ವವನ್ನು ಬಿಟ್ಟರು.

ನಾವು ಗುರುಗಳು, ಅವರ ತೀರ್ಮಾನ ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತು. ಅವರು ಗುರುವಾಗಿದ್ದೇ ಆ ಕುರ್ಚಿ ಪಡೆದಿದ್ದರು. ಗುರುವಾಗಿ ಉಳಿಯಲಾರೆನೆಂದು ಅನ್ನಿಸಿದಾಗ ಕುರ್ಚಿಯನ್ನೂ ಬಿಟ್ಟುಕೊಟ್ಟರು. ಒಳಗೊಂದು, ಹೊರಗೊಂದು ಇಟ್ಟುಕೊಂಡು ಸಂಬಳ ಎಣಿಸಲಿಲ್ಲ.

1874ರಲ್ಲಿ ವಿಯೆನ್ನಾದಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಆ ವರ್ಷದ ಅವರ ಮನಶ್ಶಾಸ್ತ್ರದ ಗ್ರಂಥದಲ್ಲೂ ಅರಿಸ್ಟಾಟಲನೇ ಇದ್ದಾನೆ. ಉಂಗುರದ ಚಿನ್ನವನ್ನು ಪಡೆಯದೆ ಅದರ ಮುದ್ರೆಯನ್ನಷ್ಟೇ ಮೇಣ ಪಡೆಯುವಂತೆ ಇಂದ್ರಿಯ ವಸ್ತುವಿನ ರೂಪವನ್ನು ಪಡೆಯುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದ. ಅದೇ ಎಳೆ ಹಿಡಿದು ಬ್ರೆಂಟಾನೊ, ಮನಸ್ಸು ಎಂದಿಗೂ ಬರಿದಾಗಿರದು, ಅದು ಯಾವುದೋ ಒಂದರ ಕಡೆಗೆ ತಿರುಗಿಯೇ ಇರುತ್ತದೆ ಎಂದರು. ಪ್ರೀತಿಸುವವನು ಏನನ್ನೋ ಪ್ರೀತಿಸುತ್ತಾನೆ, ನೋಡುವವನು ಏನನ್ನೋ ನೋಡುತ್ತಾನೆ.

1880ರಲ್ಲಿ ಅವರು ಈಡಾ ಫೊನ್ ಲೀಬೆನ್ ಅವರನ್ನು ಮದುವೆಯಾದರು. ಗುರುದೀಕ್ಷೆ ಪಡೆದವರು ಧರ್ಮಸಭೆ ಬಿಟ್ಟರೂ ಮದುವೆಯಾಗಲು ಆಸ್ಟ್ರಿಯಾದ ಕಾನೂನು ಬಿಡುತ್ತಿರಲಿಲ್ಲ. ಅವರು ಆಸ್ಟ್ರಿಯಾದ ಪೌರತ್ವ ಬಿಟ್ಟು ಸ್ಯಾಕ್ಸನಿಯ ಪ್ರಜೆಯಾಗಬೇಕಾಯಿತು, ಹುದ್ದೆಯೂ ಹೋಯಿತು. ಮತ್ತೆ ನೇಮಿಸುತ್ತಾರೆಂದು ಕಾದರು. ನೇಮಕವಾಗಲೇ ಇಲ್ಲ. ಹದಿನೈದು ವರ್ಷ, ಸಂಬಳದ ಪೀಠವಿಲ್ಲದ ಉಪನ್ಯಾಸಕರಾಗಿ, ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು!

ಆ ಪಾಠಕ್ಕೆ 1884ರಲ್ಲಿ ಬಂದು ಕುಳಿತವರಲ್ಲಿ ಎಡ್ಮಂಡ್ ಹುಸ್ಸರ್ಲ್ ಎಂಬ ಗಣಿತದ ಡಾಕ್ಟರ್ ಒಬ್ಬರು. ಕೇಳಿದ್ದೇ ಗಣಿತ ಬಿಟ್ಟು ತತ್ತ್ವಶಾಸ್ತ್ರಕ್ಕೆ ಬಂದರು. ಮುಂದಿನ ಹಂತಕ್ಕೆ ಅವರನ್ನು ಏರಿಸುವ ಅಧಿಕಾರ ಬ್ರೆಂಟಾನೊಗೆ ಇರಲಿಲ್ಲ. ಹಾಲೆಯಲ್ಲಿದ್ದ ಸ್ಟುಂಫ್ ಬಳಿ ಕಳುಹಿಸಿದರು, ಗುರುಮಠ ಬಿಟ್ಟಿದ್ದ ಅದೇ ಸ್ಟುಂಫ್. 1862ರ ಆ ಪ್ರಬಂಧವೂ ಸುಮ್ಮನಿರಲಿಲ್ಲ. 1907ರಲ್ಲಿ ಕೊನ್ರಾಡ್ ಗ್ರೋಬರ್ ಎಂಬ ಗುರುಗಳು, ಮುಂದೆ ಫ್ರೈಬರ್ಗ್‌ನ ಮಹಾಧರ್ಮಾಧ್ಯಕ್ಷರಾದವರು, ಅದನ್ನು ಒಬ್ಬ ಶಾಲಾ ಹುಡುಗನ ಕೈಗಿತ್ತರು. ಆ ಹುಡುಗ ಮಾರ್ಟಿನ್ ಹೈಡೆಗ್ಗರ್.

ಧರ್ಮಸಭೆಯಿಂದ ಹೊರಬಿದ್ದ ಬ್ರೆಂಟಾನೊ ದೇವರಿಂದ ಹೊರಬೀಳಲಿಲ್ಲ. ಪ್ರತಿಯೊಬ್ಬ ಮನುಷ್ಯನ ಚೇತನವನ್ನೂ ದೇವರೇ ಸೃಷ್ಟಿಸುತ್ತಾನೆಂಬುದು ಅರಿಸ್ಟಾಟಲನ ಅಭಿಪ್ರಾಯ ಎಂದು 1882ರಲ್ಲಿ ಝೆಲ್ಲರ್ ಎಂಬ ದೊಡ್ಡ ಪಂಡಿತರ ವಿರುದ್ಧ ವಾದಿಸಿದರು. ಇಂದಿನ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ನಮಗಂತೂ ಆ ಹಟದಲ್ಲಿ ಹಳೆಯ ಗುರುವಿನ ಧ್ವನಿಯೇ ಕೇಳಿಸುತ್ತದೆ. ಮಡದಿ 1894ರಲ್ಲಿ ತೀರಿಕೊಂಡರು. ಮರುವರ್ಷ ಆಸ್ಟ್ರಿಯಾ ಬಿಟ್ಟು, ಬಳಿಕ ಫ್ಲಾರೆನ್ಸ್‌ನಲ್ಲಿ ನೆಲೆಸಿದರು. ಕಣ್ಣು ಹೋಯಿತು. ಆ ಕತ್ತಲಲ್ಲೇ, 1911ರಲ್ಲಿ, ಮತ್ತೆ ಅರಿಸ್ಟಾಟಲನ ಮೇಲೆ ಎರಡು ಗ್ರಂಥಗಳನ್ನು ಪ್ರಕಟಿಸಿದರು. 1917ರ ಮಾರ್ಚ್ 17ರಂದು ಝೂರಿಕ್‌ನಲ್ಲಿ ನಿಧನರಾದರು.

ಹುಸ್ಸರ್ಲ್ ಬಳಿ ಓದಲು 1913ರಲ್ಲಿ ಗಟಿಂಗೆನ್‌ಗೆ ಬಂದ ಯೆಹೂದ್ಯ ಯುವತಿಯೇ ಎಡಿತ್ ಸ್ಟೈನ್. 1922ರ ಜನವರಿ 1ರಂದು ಜ್ಞಾನಸ್ನಾನ, 1933ರಲ್ಲಿ ಕೊಲೋನ್‌ನ ಕಾರ್ಮೆಲ್ ಮಠ. ಆ ಮಠದಲ್ಲಿ ಕುಳಿತು ಆಕೆ ಬರೆದ ದೊಡ್ಡ ಗ್ರಂಥದ ವಿಷಯವೂ ಅದೇ ಇರುವಿಕೆ, ಅದೇ ಸಾಧ್ಯತೆ ಮತ್ತು ಪೂರ್ಣತೆ, ಸಂತ ಥೋಮಸ್ ಅಕ್ವಿನಾಸರ ಜೊತೆಗೆ ಅದೇ ಅರಿಸ್ಟಾಟಲ್. ಯೆಹೂದ್ಯಳೆಂಬ ಕಾರಣಕ್ಕೆ ನಾಜಿಗಳ ಕಾಲದಲ್ಲಿ ಅದು ಅಚ್ಚಾಗಲಿಲ್ಲ. 1942ರ ಆಗಸ್ಟ್ 9ರಂದು ಔಷ್‌ವಿಟ್ಜ್‌ನಲ್ಲಿ ಆಕೆಯನ್ನು ಕೊಂದರು. ಗ್ರಂಥ ಹೊರಬಂದದ್ದು 1950ರಲ್ಲಿ. 1998ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಆಕೆಯನ್ನು ಸಂತಳೆಂದು ಘೋಷಿಸಿದರು.

ಆಗಸ್ಟ್ 9ರ ಪೂಜೆಯಲ್ಲಿ ಆ ಸಂತಳ ಹೆಸರನ್ನು ನಾವು ಗಟ್ಟಿಯಾಗಿ ಹೇಳುತ್ತೇವೆ. 6ರ ಪೂಜೆಯಲ್ಲಿ, ಅಗಲಿದವರನ್ನು ನೆನೆಯುವ ಹೊತ್ತಿಗೆ, ಬ್ರೆಂಟಾನೊ ಅವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ.