ವಿಮಾನದಿಂದ ಪರ್ವತ ಹಿಮದ ಮಾಪನ ಮತ್ತು ಜಲಾಶಯ ನಿರ್ವಹಣೆ

ಪೀಠಿಕೆ
ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಳೆ ಬಹುಪಾಲು ಚಳಿಗಾಲದಲ್ಲಿ ಬೀಳುತ್ತದೆ. ಬೆಳೆಗಳಿಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಸಿಯೆರಾ ನೆವಾಡ ಪರ್ವತಗಳ ಹಿಮವು ವಸಂತದಲ್ಲಿ ಕರಗಿ, ರಾಜ್ಯದ ನೀರಿನ ಅಗತ್ಯದ ಸುಮಾರು ಶೇ. 30ರಷ್ಟನ್ನು ಪೂರೈಸುತ್ತದೆ. ಈ ಸಂಗ್ರಹವು ವರ್ಷದಿಂದ ವರ್ಷಕ್ಕೆ ಬಹಳ ಏರುಪೇರಾಗುತ್ತದೆ. 2015ರ ಏಪ್ರಿಲ್ 1ರಂದು ಅದು ಸರಾಸರಿಯ ಶೇ. 5ರಷ್ಟು ಮಾತ್ರವಿದ್ದರೆ, 2023ರಲ್ಲಿ ಸರಾಸರಿಯ ಎರಡು ಪಟ್ಟನ್ನು ಮೀರಿತ್ತು.

ಹಿಂದಿನ ವಿಧಾನ
ನಿಗದಿತ ಸ್ಥಳಗಳಲ್ಲಿ ಟೊಳ್ಳು ಕೊಳವೆಯನ್ನು ಹಿಮಕ್ಕಿಳಿಸಿ ಆಳ ಮತ್ತು ತೂಕವನ್ನು ಅಳೆಯುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಆದರೆ ಕೆಲವೇ ಸ್ಥಳಗಳ ಅಳತೆಯಿಂದ ಇಡೀ ಜಲಾನಯನ ಪ್ರದೇಶವನ್ನು ಅಂದಾಜಿಸಬೇಕಾಗುತ್ತದೆ. ಎತ್ತರದ ಕಡಿದಾದ ಇಳಿಜಾರುಗಳ ಹಿಮ ಲೆಕ್ಕದಿಂದ ತಪ್ಪಿಹೋಗುವ ಸಂಭವವಿದೆ.

ವೈಮಾನಿಕ ವಿಧಾನ
ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯವು ರಾಜ್ಯ ಜಲಸಂಪನ್ಮೂಲ ಇಲಾಖೆಯೊಡನೆ 2013ರಲ್ಲಿ ಟುವಾಲಮಿ ನದಿಯ ಜಲಾನಯನದಲ್ಲಿ ಈ ಮಾಪನವನ್ನು ಆರಂಭಿಸಿತು. ಇದರ ಹಂತಗಳು ಹೀಗಿವೆ:

1. ಹಿಮವಿಲ್ಲದ ಕಾಲದಲ್ಲಿ ವಿಮಾನದಿಂದ ಲೇಸರ್ ಕಿರಣಗಳನ್ನು ಹಾಯಿಸಿ ನೆಲದ ಎತ್ತರವನ್ನು ದಾಖಲಿಸಲಾಗುತ್ತದೆ.
2. ಹಿಮ ಬಿದ್ದ ನಂತರ ಅದೇ ಪ್ರದೇಶವನ್ನು ಮತ್ತೆ ಅಳೆಯಲಾಗುತ್ತದೆ. ಎರಡರ ವ್ಯತ್ಯಾಸವೇ ಹಿಮದ ಆಳ.
3. ಆಳವನ್ನು ಹಿಮದ ಸಾಂದ್ರತೆಯಿಂದ ಗುಣಿಸಿ ನೀರಿನ ಪ್ರಮಾಣವನ್ನು ಪಡೆಯಲಾಗುತ್ತದೆ.
4. ಹಿಮವು ಎಷ್ಟು ಬಿಸಿಲನ್ನು ಪ್ರತಿಫಲಿಸುತ್ತದೆ ಎಂಬುದನ್ನು ಮತ್ತೊಂದು ಉಪಕರಣ ಅಳೆಯುತ್ತದೆ. ಧೂಳು ಕವಿದ ಹಿಮ ಹೆಚ್ಚು ಬಿಸಿಲನ್ನು ಹೀರಿ ಬೇಗ ಕರಗುತ್ತದೆ.

ಉದಾಹರಣೆ: ಹಿಮದ ಆಳ 2 ಮೀಟರ್, ಸಾಂದ್ರತೆ ನೀರಿನ ಶೇ. 30 ಇದ್ದರೆ, ಅದರಲ್ಲಿರುವ ನೀರು 60 ಸೆಂ.ಮೀ.; ಅಂದರೆ ಹೆಕ್ಟೇರಿಗೆ 60 ಲಕ್ಷ ಲೀಟರ್. ಸಾಂದ್ರತೆ ಶೇ. 40 ಆದರೆ ಅದೇ ಆಳದಲ್ಲಿ 80 ಲಕ್ಷ ಲೀಟರ್ ಇರುತ್ತದೆ. ಆದ್ದರಿಂದ ಆಳವೊಂದನ್ನೇ ನೋಡಿ ನೀರನ್ನು ನಿರ್ಧರಿಸಲಾಗದು.

ಉಪಯೋಗ
ಪ್ರವಾಹ ತಡೆಯಲು ಜಲಾಶಯದಲ್ಲಿ ಜಾಗ ಖಾಲಿ ಇರಬೇಕು. ಬೇಸಿಗೆಯ ನೀರಾವರಿಗೆ ಅದು ತುಂಬಿರಬೇಕು. ಬರಲಿರುವ ನೀರಿನ ಅಂದಾಜು ಕಡಿಮೆಯಾದರೆ ಕೆಳಭಾಗದ ಹೊಲಗಳು ಮುಳುಗಬಹುದು. ಹೆಚ್ಚಾದರೆ ಅಕಾಲದಲ್ಲಿ ನೀರು ಬಿಟ್ಟು ಬೆಳೆ ಒಣಗಬಹುದು. ನಿಖರ ಮಾಪನದಿಂದ ಈ ಎರಡೂ ಅಪಾಯಗಳು ತಗ್ಗುತ್ತವೆ. ಕಾಲುವೆಗೆ ದೊರೆಯುವ ನೀರು ಮೊದಲೇ ತಿಳಿದರೆ ರೈತರು ಬೆಳೆ ಮತ್ತು ವಿಸ್ತೀರ್ಣವನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು.

ಮಿತಿಗಳು
ಹಾರಾಟ ದುಬಾರಿಯಾದುದು, ಮೋಡ ಕವಿದಾಗ ಮಾಪನ ಸಾಧ್ಯವಿಲ್ಲ. ಸಾಂದ್ರತೆಯನ್ನು ಲೇಸರ್ ನೇರವಾಗಿ ಅಳೆಯಲಾರದು. ಗಣಕ ಮಾದರಿ ಹಾಗೂ ನೆಲದ ಮಾದರಿಗಳನ್ನು ಅವಲಂಬಿಸಬೇಕು. ಆದ್ದರಿಂದ ವೈಮಾನಿಕ ಮಾಪನವು ನೆಲದ ಮಾಪನಕ್ಕೆ ಪೂರಕವೇ ಹೊರತು ಬದಲಿಯಲ್ಲ.