ಒಣಖಂಡದ ಚರಿತ್ರೆ

ಕೊಳಕೂರದಂಥ ಜೇವರ್ಗಿ ಸೀಮೆಯ ಊರುಗಳಲ್ಲಿ ಬ್ಯಾಸಗಿ ಬಿಸಿಲೇ ಬಡವರ ಕಣಜ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವೆಂದು ಎಲ್ಲರೂ ಹೊಗಳುತ್ತಾರೆ. ಅದೇ ಬಿಸಿಲಿಗೆ ನಮ್ಮ ಕೇರಿಯಲ್ಲಿ ಹಗ್ಗಕ್ಕೆ ಹಾಕಿದ ಖಂಡದ ಮಾತು ತೆಗೆದರೆ ಮೂಗು ಮುಚ್ಚುತ್ತಾರೆ! ತೆಳ್ಳಗೆ ಸೀಳಿ, ಉಪ್ಪು ಸವರಿ, ಹಸಿ ಪೂರಾ ಹೋಗೂತನಕ ಒಣಗಿಸಬೇಕು. ನೀರಿನಂಶ ಇಲ್ಲದಲ್ಲಿ ಕೊಳೆಸುವ ಜೀವಾಣು ಬೆಳೆಯುವುದಿಲ್ಲ. ನಮ್ಮ ಅವ್ವಂದಿರು ಇದನ್ನು ಗೃಹವಿಜ್ಞಾನದ ಪುಸ್ತಕ ಓದಿ ಕಲಿತವರಲ್ಲ.

ಹಾಗಂತ ಬರೀ ಹೆಮ್ಮೆಪಟ್ಟರೆ ಚರಿತ್ರೆ ಸುಳ್ಳಾಗುತ್ತದೆ. ಊರವರ ಸತ್ತ ದನ ಹೊರುವುದು ಬಿಟ್ಟಿ ಚಾಕರಿ. ಖಂಡ ಸಿಗುವುದು ಒಂದು ದಿನ, ಹಸಿವು ವರ್ಷಪೂರ್ತಿ, ಅದಕ್ಕೇ ಒಣಗಿಸಿದರು. ದನ ಯಾವ ಬ್ಯಾನಿಯಿಂದ ಸತ್ತಿತೆಂದು ಹೇಳುವವರು ಯಾರು? ನೆರಡಿ ರೋಗದ ಬೀಜಾಣು ಉಪ್ಪಿಗೂ ಸಾಯುವುದಿಲ್ಲ, ಒಣಗಿಸಿದರೂ ಸಾಯುವುದಿಲ್ಲ. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರೆಂದು ಕರೆಕೊಟ್ಟದ್ದು ಮಾನಕ್ಕಾಗಿ. ಜೀವಕ್ಕೂ ಅದು ಒಳ್ಳೆಯದೇ ಆಯಿತು. ಆದರೆ ಅದರ ಜತೆ ಒಣಗಿಸುವ ವಿದ್ಯೆಯನ್ನೂ ನಾಚಿಕೆಪಟ್ಟು ಮರೆಯುತ್ತಿದ್ದೇವೆ. ಇದು ತಪ್ಪು.

ಆಳಂದದ ಆಚೆಗಿನ ಮರಾಠವಾಡವೂ ನಾವೂ 1956ರತನಕ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಅಲ್ಲಿನ ದಲಿತರ ಅಡುಗೆಯನ್ನು ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿದರು. ಮಾಸ್ತರರೇ, ಈ ಬ್ಯಾಸಗಿಗೆ ನಿಮ್ಮೂರ ಕೇರಿಯ ಆಯಿಗಳ ಮುಂದೆ ಕೂತು ಬರಕೊಳ್ಳಿರಿ: ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು, ಯಾವ ದನ ಮುಟ್ಟದೆ ಬಿಟ್ಟರು.