ಬಳೆ ಬಿಗಿಯಾದಾಗ: ಕಂಕುಳಿನ ಗ್ರಂಥಿಗಳ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ‘ನೀರು ತುಂಬಿದೆ’ ಎಂದರೆ ಎರಡರಲ್ಲಿ ಒಂದು. ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಉಳಿದ ಟೊಳ್ಳು ಜಾಗದಲ್ಲಿ ಮೊದಲ ವಾರಗಳಲ್ಲಿ ದ್ರವ ಸೇರುವುದು ಸೆರೋಮಾ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಬದಿಯ ತೋಳು ಬಾತುಕೊಳ್ಳುವುದು ಲಿಂಫೆಡೀಮಾ. ತೋಳಿನ ದುಗ್ಧರಸ ಕಂಕುಳಿನ ಗ್ರಂಥಿಗಳ ಮೂಲಕ ಹರಿದು ರಕ್ತಕ್ಕೆ ಮರಳುತ್ತದೆ. ಗ್ರಂಥಿಗಳನ್ನು ತೆಗೆದಾಗ ಆ ದಾರಿ ಕೆಡುತ್ತದೆ. ಉಂಗುರ, ಬಳೆ ಬಿಗಿಯಾಗುವುದು ಅದರ ಮೊದಲ ಸುಳಿವಾಗಿರಬಹುದು.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ 50 ರೋಗಿಗಳ ವರದಿ ಪ್ರಕಟಿಸಿದರು. ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಅವರ ಪದ್ಧತಿ. ಕ್ಯಾನ್ಸರ್ ಹಂತಹಂತವಾಗಿ ಗ್ರಂಥಿಗಳ ಮೂಲಕವೇ ಹರಡುತ್ತದೆ, ಹಾಗಾಗಿ ಹೆಚ್ಚು ತೆಗೆದಷ್ಟೂ ಕ್ಷೇಮ ಎಂಬ ನಂಬಿಕೆ ಅದರ ಬುಡದಲ್ಲಿತ್ತು. ತೋಳು ಬಾಯುವುದನ್ನು ಅವರು ಕಾಣದೆ ಇರಲಿಲ್ಲ. 1921ರಲ್ಲಿ ಅದರ ಬಗ್ಗೆಯೇ ಬರೆದು, ‘ಶಸ್ತ್ರಚಿಕಿತ್ಸೆಯಿಂದ ಬಂದ ಆನೆಕಾಲು’ ಎಂಬರ್ಥದ ಹೆಸರಿಟ್ಟರು. ನಮ್ಮ ಕರಾವಳಿಯವರಿಗೆ ಆನೆಕಾಲೆಂದರೆ ಸೊಳ್ಳೆ ಹರಡುವ ಹುಳುವಿನ ರೋಗ. ಕಾರಣ ಬೇರೆಯಾದರೂ ಕೆಡುವುದು ಅದೇ ದುಗ್ಧರಸದ ಹರಿವು. ಹೆಸರು ಎಷ್ಟು ಕ್ರೂರವಾಗಿದ್ದರೂ ಸರಿಯಾಗಿಯೇ ಇದೆ.

ಸೆರೋಮಾಗೆ ಉಪಾಯ ಹೆಚ್ಚು ಸರಳ. ಟೊಳ್ಳು ಜಾಗವನ್ನೇ ಇಲ್ಲವಾಗಿಸಬೇಕು. ಚರ್ಮವನ್ನು ಒಳಗಿನ ಸ್ನಾಯುವಿಗೆ ಅಲ್ಲಲ್ಲಿ ಹೊಲಿಯುವುದು ಒಂದು ದಾರಿ. ಕೌದಿ ಹೊಲಿದಂತೆ ಎನ್ನಬಹುದು. ಇನ್ನೊಂದು ದಾರಿ ಹೀರುವ ಡ್ರೈನ್. ಹಿಂಡಿ ಮುಚ್ಚಿದ ರಬ್ಬರ್ ಬುರುಡೆ ಮತ್ತೆ ಉಬ್ಬಲು ಹವಣಿಸುತ್ತಾ ನಳಿಕೆಯ ಮೂಲಕ ದ್ರವವನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ ಬರುವ ದ್ರವ ಸುಮಾರು 30 ಮಿಲಿಲೀಟರಿಗಿಂತ ಇಳಿದಾಗ ಅದನ್ನು ತೆಗೆಯುವುದು ರೂಢಿ. ಬುರುಡೆ ಖಾಲಿ ಮಾಡಿ ಲೆಕ್ಕ ಬರೆದಿಡುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ.

ತೋಳಿನ ಬಾವಿಗೆ ನಿಜವಾದ ಪರಿಹಾರ ಬಂದದ್ದು ಕಡಿಮೆ ಕತ್ತರಿಸುವುದರಿಂದ. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರಿದ್ದರು. ಗ್ರಂಥಿಗಳು ಕೈಗೆ ಸಿಗದಿದ್ದವರಲ್ಲಿ ಅವನ್ನು ಮೊದಲೇ ತೆಗೆದರೂ, ಬಿಟ್ಟು ಕಾದು ನೋಡಿದರೂ ಬದುಕುಳಿಯುವಿಕೆಯಲ್ಲಿ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. 25 ವರ್ಷದ ಫಲಿತಾಂಶ 2002ರಲ್ಲಿ ಬಂದಾಗಲೂ ಮಾತು ಬದಲಾಗಲಿಲ್ಲ. ಹಿರಿಯ ಶಸ್ತ್ರವೈದ್ಯರ ವಿರೋಧ ಕಟ್ಟಿಕೊಂಡು ಇಷ್ಟು ದೂರ ಹೋದ ಫಿಶರ್ ಅವರ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿದಿರಬೇಕಿತ್ತು.

ಮುಂದಿನದು ‘ಕಾವಲು ಗ್ರಂಥಿ’. ಗಡ್ಡೆಯ ಕಡೆಯಿಂದ ರಸ ಮೊದಲು ತಲುಪುವ ಗ್ರಂಥಿಯನ್ನಷ್ಟೇ ಹುಡುಕಿ ಪರೀಕ್ಷಿಸಿ, ಅದು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟದೆ ಬಿಡುವುದು. ಡೇವಿಡ್ ಕ್ರಾಗ್ 1993ರಲ್ಲಿ ವಿಕಿರಣ ವಸ್ತುವಿನಿಂದ, ಅರ್ಮಾಂಡೊ ಜೂಲಿಯಾನೊ 1994ರಲ್ಲಿ ನೀಲಿ ಬಣ್ಣದಿಂದ ಇದನ್ನು ಸ್ತನ ಕ್ಯಾನ್ಸರಿನಲ್ಲಿ ಮಾಡಿ ತೋರಿಸಿದರು. ಜೂಲಿಯಾನೊ ತಂಡದ 2011ರ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಗಡ್ಡೆಯನ್ನಷ್ಟೇ ತೆಗೆಸಿಕೊಂಡು ವಿಕಿರಣ ಪಡೆಯುವವರಲ್ಲಿ, ಒಂದೆರಡು ಕಾವಲು ಗ್ರಂಥಿಗಳಲ್ಲಿ ಕ್ಯಾನ್ಸರ್ ಕಂಡರೂ ಉಳಿದವನ್ನು ತೆಗೆಯಬೇಕಾಗಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ದುಬಾರಿ ಉಪಕರಣವಿಲ್ಲದೆ ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನವನ್ನು ಪರಿಶೀಲಿಸಿದೆ. ಊರಿನಲ್ಲಿ ಅಕ್ಕನಿಗೋ ಅತ್ತಿಗೆಗೋ ಚಿಕಿತ್ಸೆ ನಡೆಯುತ್ತಿದ್ದರೆ ವೈದ್ಯರನ್ನು ಈ ಬಗ್ಗೆ ಕೇಳಬಹುದು.

ಇನ್ನು ‘ಆ ಕೈಯಲ್ಲಿ ಭಾರ ಎತ್ತಬೇಡ’ ಎಂಬ ಹಳೆಯ ಮಾತು. ಎಷ್ಟೋ ಮಹಿಳೆಯರು ಇದನ್ನು ನಂಬಿ ಮೊಮ್ಮಕ್ಕಳನ್ನೂ ಎತ್ತಿಕೊಳ್ಳದೆ ಉಳಿದರು. ಕ್ಯಾಥರಿನ್ ಶ್ಮಿಟ್ಜ್ ತಂಡ ತೋಳು ಬಾತಿದ್ದ 141 ಮಹಿಳೆಯರ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿತು. ವಾರಕ್ಕೆ ಎರಡು ಬಾರಿ, ಮೇಲ್ವಿಚಾರಣೆಯಲ್ಲಿ, ನಿಧಾನವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದವರ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳೂ ಅವರಲ್ಲಿ ಕಡಿಮೆಯಾದವು. ಅವರು ವ್ಯಾಯಾಮದ ವೇಳೆ ಅಳತೆಗೆ ಹೊಲಿಸಿದ ಬಿಗಿ ತೋಳುಚೀಲ ಧರಿಸುತ್ತಿದ್ದರು.